ಕಡಲ ದಂಡೆಯ ಹಳೆ ಹೋಟೆಲಿಗೆ ಮತ್ತೆ ಜೀವ: ಮೊದಲ ದುಡ್ಡು ಎಲ್ಲಿಗೆ ಹೋಗಬೇಕು?

ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯ ಊರುಗಳಲ್ಲಿ ಓಡಾಡಿದವರಿಗೆ ಇಂಥ ಕಟ್ಟಡಗಳ ಪರಿಚಯ ಇದ್ದೇ ಇರುತ್ತದೆ. ಚಿರೇಕಲ್ಲಿನ, ಅಂದರೆ ಕೆಂಪು ಮುರಕಲ್ಲಿನ, ದಪ್ಪ ಗೋಡೆ, ಮಂಗಳೂರು ಹಂಚಿನ ಮಾಡು, ಸಮುದ್ರಕ್ಕೆ ಮುಖ ಮಾಡಿದ ಉದ್ದನೆಯ ಜಗಲಿ. ಒಂದು ಕಾಲಕ್ಕೆ ಸಾಹೇಬರ ಬಂಗಲೆ, ಆಮೇಲೆ ಲಾಡ್ಜು, ಈಗ ಅರ್ಧ ಕೋಣೆಗಳಿಗೆ ಬೀಗ. ಹಿಂದುಗಡೆ ಐವತ್ತು ವರ್ಷದ ಹಿಂದೆ ಯಾರೋ ಸೇರಿಸಿದ ಒಂದು ಕಾಂಕ್ರೀಟ್ ಬ್ಲಾಕು. ಗೋಡೆಯ ಬಣ್ಣ ಎದ್ದಿದೆ, ಬಚ್ಚಲಲ್ಲಿ ನೀರು ಸೋರುತ್ತದೆ, ಆದರೂ ಜಗಲಿಯಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ.

ಇಂಥದ್ದೊಂದು ಕೈಗೆ ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ. ಕೆಡವಿ ಹೊಸದು ಕಟ್ಟೋದಾ, ಇದನ್ನೇ ಸರಿ ಮಾಡಿ ಬುಟೀಕ್ ಹೋಟೆಲ್, ಅಂದರೆ ಕೆಲವೇ ಒಳ್ಳೆ ಕೋಣೆಗಳ ಹೋಟೆಲ್, ಮಾಡೋದಾ? ಸರಿ ಮಾಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯದರ ಮೇಲಿನ ಪ್ರೀತಿ ಇದಕ್ಕೆ ಒಂದು ಕಾರಣ ಅಷ್ಟೇ. ಕಾನೂನು, ಎಂಜಿನಿಯರಿಂಗ್, ದುಡ್ಡಿನ ಲೆಕ್ಕ ಮೂರೂ ಅದೇ ಕಡೆಗೆ ಕೈ ತೋರಿಸುತ್ತವೆ. ಆದರೆ ಕೆಲಸದ ಕ್ರಮ ತಪ್ಪಿದರೆ ಎಲ್ಲವೂ ಹಾಳು. ಹೆಚ್ಚಿನವರು ಸೋಫಾ, ಲೈಟು, ಈಜುಕೊಳದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕಾಗದಪತ್ರದಿಂದ. ಅದಾದ ಮೇಲೆ ನೀರಿನಿಂದ.

ಕಟ್ಟಡಗಳು ಇಲ್ಲಿಗೆ ಬಂದ ಬಗೆ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಿತ್ತು. ಧಾರವಾಡ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗು ಹತ್ತಿಸುವ ದೊಡ್ಡ ಯೋಜನೆ ಹುಟ್ಟಿತು. ಬಂದರು, ರಸ್ತೆ, ಕಚೇರಿ, ಅಧಿಕಾರಿಗಳ ಮನೆ ಎಲ್ಲ ಬಂದವು. ಆದರೆ 1880ರ ದಶಕದಲ್ಲಿ ರೈಲು ಹೋದದ್ದು ಗೋವೆಯ ಮುರ್ಮಗೋವಿಗೆ. ವ್ಯಾಪಾರವೂ ರೈಲಿನ ಹಿಂದೆ ಹೋಯಿತು. ಕಾರವಾರದಲ್ಲಿ ಕೋರ್ಟು, ಕಚೇರಿ ಉಳಿದವು, ಬಂಗಲೆಗಳೂ ಉಳಿದವು. ಕೊಂಕಣ ರೈಲು ಪೂರ್ತಿಯಾಗಿ ಓಡಲು 1998 ಬರಬೇಕಾಯಿತು. ಇಷ್ಟು ಹಳೆಯ ಕಟ್ಟಡಗಳು ನಮ್ಮ ದಂಡೆಯಲ್ಲಿ ಇನ್ನೂ ನಿಂತಿದ್ದರೆ, ನಡುವೆ ಅವನ್ನು ಕೆಡವುವಷ್ಟು ದುಡ್ಡು ಈ ಕಡೆ ಹರಿಯದಿದ್ದದ್ದೂ ಒಂದು ಕಾರಣ.

ಈಗ ಕಾನೂನು. ಸಮುದ್ರದ ಬದಿಯಲ್ಲಿ ಏನೇ ಮಾಡಿದರೂ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಎಲ್ಲರೂ ಹೇಳುವ ಸಿಆರ್‌ಝಡ್, ಅನ್ವಯಿಸುತ್ತದೆ. ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. 2011ರಲ್ಲಿ ಹೊಸದು ಬಂತು, 2019ರಲ್ಲಿ ಮತ್ತೊಂದು. ಅಳತೆಯೆಲ್ಲ ಶುರುವಾಗುವುದು ಉಬ್ಬರದ ರೇಖೆಯಿಂದ, ಅಂದರೆ ದೊಡ್ಡ ಉಬ್ಬರದಲ್ಲಿ ನೀರು ಬಂದು ಮುಟ್ಟುವ ಗೆರೆಯಿಂದ.

ಊರು ಬೆಳೆದು ನಿಂತಿರುವ ಪುರಸಭೆ, ನಗರಸಭೆ ಪ್ರದೇಶ ಸಾಮಾನ್ಯವಾಗಿ ಎರಡನೇ ವಲಯದಲ್ಲಿ ಬರುತ್ತದೆ. ಅಲ್ಲಿ ಅಧಿಕೃತ ಹಳೆ ಕಟ್ಟಡವನ್ನು ಮತ್ತೆ ಕಟ್ಟಬಹುದು, ಆದರೆ ಈಗಿನ ಬಳಕೆ ಬದಲಾಗಬಾರದು. ಹಳ್ಳಿ ಪ್ರದೇಶ ಮೂರನೇ ವಲಯ. 2019ರ ನಿಯಮದಂತೆ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಯಲ್ಲಿ ಉಬ್ಬರದ ರೇಖೆಯಿಂದ 50 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದಕ್ಕಿಂತ ಕಡಿಮೆ ಜನ ಇದ್ದರೆ 200 ಮೀಟರ್ ಒಳಗೆ ಇಲ್ಲ. ಆದರೆ ಆ ದೂರದೊಳಗೆ ಮೊದಲೇ ಇದ್ದ ಅಧಿಕೃತ ಕಟ್ಟಡವನ್ನು ರಿಪೇರಿ ಮಾಡಬಹುದು. ಅಡಿಪಾಯದ ಅಳತೆ, ಎಲ್ಲ ಮಹಡಿ ಸೇರಿದ ಒಟ್ಟು ನೆಲದ ಅಳತೆ ಹಳೆಯದಕ್ಕಿಂತ ಹೆಚ್ಚಾಗಬಾರದು, ಅಷ್ಟೇ.

ಇದರ ಅರ್ಥ ಸ್ಪಷ್ಟ. ಸಮುದ್ರಕ್ಕೆ ಅಂಟಿಕೊಂಡು ನಿಂತ ಹಳೆ ಹೋಟೆಲಿಗೆ ಇರುವ ಜಾಗ ಇವತ್ತು ಹೊಸಬರಿಗೆ ಯಾವ ಬೆಲೆ ಕೊಟ್ಟರೂ ಸಿಗುವುದಿಲ್ಲ. ಹಳ್ಳಿ ಪ್ರದೇಶದಲ್ಲಾದರೆ ಕೆಡವಿ ದೊಡ್ಡದು ಕಟ್ಟಲು ಆಗುವುದಿಲ್ಲ. ಹಳೆಯದು ಎಷ್ಟಿತ್ತು ಎಂದು ತೋರಿಸುವ ಅತಿ ದೊಡ್ಡ ಸಾಕ್ಷಿ, ಅಂದರೆ ಆ ಕಟ್ಟಡವೇ, ಮಣ್ಣುಪಾಲಾಗಿರುತ್ತದೆ.

ಹಾಗಾಗಿ ಒಂದು ಹಂಚು ಮುಟ್ಟುವ ಮೊದಲು ಕಾಗದ ಸೇರಿಸಬೇಕು. ಸಿಟಿ ಸರ್ವೆ ನಕ್ಷೆ ಅಥವಾ ಪಹಣಿ, 1991ಕ್ಕಿಂತ ಹಿಂದಿನ ಮನೆ ತೆರಿಗೆ ರಸೀದಿ, ಲಾಡ್ಜಿಂಗ್ ಪರವಾನಗಿಯ ಹಳೆ ಪ್ರತಿಗಳು, ಕರೆಂಟ್ ಬಿಲ್ಲು, ಮನೆಯ ಆಲ್ಬಮ್ಮಿನಲ್ಲಿ ಸಿಗುವ ಫೋಟೋ. ಹಿಂದಿನ ಮಾಲೀಕರ ಮದುವೆ ಫೋಟೋದಲ್ಲಿ ಹಿಂದೆ ಕಾಣುವ ಜಗಲಿಯ ಕಂಬವೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಕರಾವಳಿ ನಿರ್ವಹಣಾ ಯೋಜನೆಯ ಅನುಮೋದಿತ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂದು ನೋಡಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆ ಹತ್ತಿರ ಇದ್ದರೆ ನದಿಯ ಕಡೆಯಿಂದಲೂ ಅಳತೆ ಬರುತ್ತದೆ, ಅದನ್ನು ಮರೆಯಬೇಡಿ. ಮನೆಯಾಗಿದ್ದದ್ದನ್ನು ಹೋಟೆಲ್ ಮಾಡುವುದಕ್ಕೂ, ಮೊದಲಿಂದ ಲಾಡ್ಜ್ ಆಗಿದ್ದದ್ದನ್ನು ಸುಧಾರಿಸುವುದಕ್ಕೂ ಇಲ್ಲಿ ಭಾರೀ ವ್ಯತ್ಯಾಸ ಇದೆ.

ಕಾಗದ ಸರಿಯಿದೆ ಎಂದಿಟ್ಟುಕೊಳ್ಳೋಣ. ಈಗ ಕಟ್ಟಡದ ಹತ್ತಿರ ಹೋಗೋಣ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಟ್ಟಡಕ್ಕೆ ನೀರು ಮೂರು ಕಡೆಯಿಂದ ಬರುತ್ತದೆ. ಮೇಲಿಂದ ಮಳೆ, ಕೆಳಗಿಂದ ನೆಲದ ತೇವ, ಬದಿಯಿಂದ ಉಪ್ಪು ಹೊತ್ತ ಗಾಳಿ. ಹಳೆ ಕಟ್ಟಡದ ಎಲ್ಲ ರೋಗದ ಮೂಲ ಈ ಮೂರೇ. ಸೋರುವ ಮಾಡಿನ ಕೆಳಗೆ ಎಷ್ಟು ಚಂದದ ಮಂಚ ಹಾಕಿದರೇನು ಬಂತು, ಅಲ್ವಾ?

ಗೋಡೆಯನ್ನೇ ನೋಡಿ. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿರುತ್ತದೆ. ಬೆರಳಿನ ಗಂಟಿನಿಂದ ತಟ್ಟಿದರೆ ಟೊಳ್ಳು ಶಬ್ದ. ಕೆರೆದರೆ ಸಿಮೆಂಟ್ ಪ್ಲಾಸ್ಟರ್ ದೊಡ್ಡ ಹಾಳೆಯಾಗಿ ಕಿತ್ತು ಬರುತ್ತದೆ. ಅದರ ಬೆನ್ನಿಗೆ ಬಿಳಿ ಪುಡಿ, ಕಲ್ಲಿನ ಮೈಯಿಂದ ಉದುರಿದ ಕೆಂಪು ಪುಡಿ. ಬಿಳಿ ಪುಡಿ ಉಪ್ಪು.

ಇಲ್ಲಿ ಆಗಿದ್ದು ಇಷ್ಟು. ಚಿರೇಕಲ್ಲಿನ ತುಂಬ ಸಣ್ಣ ಸಣ್ಣ ತೂತು. ನೆಲದ ನೀರು ಆ ತೂತುಗಳಲ್ಲಿ ತಾನಾಗಿ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ಕರಗಿಸಿಕೊಂಡು ತರುತ್ತದೆ. ನೀರು ಗಾಳಿಗೆ ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಸುತ್ತಲಿನದ್ದನ್ನು ಒತ್ತುತ್ತದೆ. ಹಿಂದೆ ಗೋಡೆಗೆ ಸುಣ್ಣದ ಗಾರೆ ಇತ್ತು. ಸುಣ್ಣದೊಳಗಿಂದ ತೇವ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಉಪ್ಪು ಗಾರೆಯಲ್ಲೇ ಹರಳುಗಟ್ಟಿ, ಹಾಳಾದರೆ ಗಾರೆ ಹಾಳಾಗುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಆ ಭಾಗದ ಗಾರೆ ಬದಲಿಸಿದರೆ ಕಲ್ಲು ಹಾಗೇ ಗಟ್ಟಿಯಾಗಿರುತ್ತಿತ್ತು. ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಂದ ಮೇಲೆ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಅದು ಇನ್ನೂ ಮೇಲೇರುತ್ತದೆ. ಉಪ್ಪು ಪ್ಲಾಸ್ಟರಿನ ಹಿಂದೆ, ಕಲ್ಲಿನ ಮೈಯಲ್ಲೇ ಹರಳುಗಟ್ಟಿ ಕಲ್ಲನ್ನೇ ತಿನ್ನುತ್ತದೆ.

"ಸಿಮೆಂಟ್ ಹೊಡೆದು ಬಿಡುವಾ ಸಾವ್ಕಾರ್ರೇ, ಮತ್ತೆ ಚಿಂತೆ ಇಲ್ಲ" ಎನ್ನುವ ಗವಂಡಿಗಳು ಸಿಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಹೊಸ ಮನೆಗಳಲ್ಲಿ ಅವರು ಮಾಡಿ ಗೊತ್ತಿರುವುದು ಅದೇ ಕೆಲಸ. ಆದರೆ ಚಿರೇಕಲ್ಲಿನ ಹಳೆ ಗೋಡೆಗೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ಮೊದಲು ಸಿಮೆಂಟನ್ನು ಉಳಿ ಹಿಡಿದು ಮೆಲ್ಲಗೆ ತೆಗೆಯಬೇಕು, ಯಂತ್ರ ಬಿಟ್ಟರೆ ಕಲ್ಲೂ ಒಡೆಯುತ್ತದೆ. ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಆರಲು ಬಿಡಬೇಕು. ಉಪ್ಪು ಜಾಸ್ತಿ ಇದ್ದ ಕಡೆ ನೆನೆಸಿದ ಕಾಗದದ ತಿರುಳನ್ನೋ ಜೇಡಿಯನ್ನೋ ಗೋಡೆಗೆ ಮೆತ್ತುತ್ತಾರೆ. ಅದು ಆರುವಾಗ ಉಪ್ಪನ್ನು ಎಳೆದುಕೊಳ್ಳುತ್ತದೆ. ಕಿತ್ತು ಬಿಸಾಡಿ ಮತ್ತೆ ಮೆತ್ತಬೇಕು. ಜೊತೆಜೊತೆಗೆ ಗೋಡೆಯ ಸುತ್ತಲಿನ ನೆಲ ತಗ್ಗಿಸಿ ಚರಂಡಿ ಮಾಡಬೇಕು. ವರ್ಷ ವರ್ಷ ಮಣ್ಣು, ಕಾಂಕ್ರೀಟು ಸುರಿದು ಅಂಗಳವೇ ಒಳಗಿನ ನೆಲಕ್ಕಿಂತ ಎತ್ತರ ಆಗಿರುತ್ತದೆ ಎಷ್ಟೋ ಕಡೆ.

ಆಮೇಲೆ ಸುಣ್ಣ. ನಮ್ಮ ಕರಾವಳಿಯಲ್ಲಿ ಕಡಲ, ಅಳಿವೆಯ ಚಿಪ್ಪಿ ಸುಟ್ಟು ಸುಣ್ಣ ಮಾಡುವ ರೂಢಿ ಹಳೆಯದು. ಅಘನಾಶಿನಿ ಅಳಿವೆಯ ಚಿಪ್ಪಿ ಇದಕ್ಕೇ ಹೆಸರಾಗಿತ್ತು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಹಾಗೆ ಅರಳಿದ ಸುಣ್ಣವನ್ನು ನೀರಿನಡಿ ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ, ಕೊಳೆಯಲು ಬಿಡಬೇಕು. ಬೆಣ್ಣೆಯಂತಾದ ಮೇಲೆ ಒಂದು ಪಾಲಿಗೆ ಮೂರು ಪಾಲಿನ ಹಾಗೆ ಮರಳು ಸೇರಿಸಿ ಅರೆಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಇದೆ. ತೇವದ ಜಾಗಕ್ಕೆ ಇಟ್ಟಿಗೆ ಪುಡಿ ಸೇರಿಸಿದರೆ ಬೇಗ ಗಟ್ಟಿಯಾಗುತ್ತದೆ. ಮರಳು ಮಾತ್ರ ದಂಡೆಯದ್ದಾಗಬಾರದು. ಅದರಲ್ಲಿ ಉಪ್ಪಿದೆ, ಕಾನೂನಿನಲ್ಲೂ ಅವಕಾಶ ಇಲ್ಲ.

ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು. ಅದು ನಿಧಾನ. ಒಂದೊಂದು ಪದರ ಒಂದು ಸೆಂಟಿಮೀಟರ್ ಆಸುಪಾಸು ತೆಳ್ಳಗಿರಬೇಕು, ಗೋಣಿ ಒದ್ದೆ ಮಾಡಿ ಹೊದಿಸಬೇಕು, ಮುಂದಿನ ಪದರಕ್ಕೆ ದಿನಗಟ್ಟಲೆ ಕಾಯಬೇಕು. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಅಂದರೆ ಕೈಗೆ ಸಿಗುವುದು ಅಕ್ಟೋಬರ್‌ನಿಂದ ಮೇ. "ಆರು ತಿಂಗಳಲ್ಲಿ ಓಪನಿಂಗ್" ಎಂದು ಹೊರಟವರು ಎಡವುವುದು ಇಲ್ಲೇ. ಎರಡು ಬೇಸಿಗೆ ಎಂದು ಮೊದಲೇ ಲೆಕ್ಕ ಹಾಕಿಕೊಂಡರೆ ನೆಮ್ಮದಿ.

ಈಗ ಹಿಂದಿನ ಕಾಂಕ್ರೀಟ್ ಬ್ಲಾಕಿಗೆ ಬರೋಣ. ಜನ ಸಾಮಾನ್ಯವಾಗಿ ಯೋಚಿಸುವುದು ಹೀಗೆ: ಮುಂದಿನ ಕಲ್ಲಿನದ್ದು ನೂರು ವರ್ಷದ್ದು, ಅದು ಲಡ್ಡಾಗಿದೆ, ಕೆಡವೋಣ. ಹಿಂದಿನದು ಆರ್‌ಸಿಸಿ, ಗಟ್ಟಿ ಇದೆ, ಇಟ್ಟುಕೊಳ್ಳೋಣ. ಸಮುದ್ರದ ಬದಿಯಲ್ಲಿ ಬಹಳ ಸಲ ಸತ್ಯ ಇದರ ಉಲ್ಟಾ.

ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯದಿರಲು ಕಾರಣ ಕಾಂಕ್ರೀಟಿನ ಕ್ಷಾರ ಗುಣ. ಅದು ಸರಳಿನ ಮೇಲೆ ತೆಳುವಾದ ರಕ್ಷಣೆಯ ಪೊರೆ ಕಟ್ಟುತ್ತದೆ. ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಒಳಗಿಳಿದು ಆ ಪೊರೆಯನ್ನು ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ, ಒಳಗಿಂದ ಕಾಂಕ್ರೀಟನ್ನು ಸೀಳುತ್ತದೆ. ಸ್ಲ್ಯಾಬಿನ ಕೆಳಗೆ ಮೊದಲು ಕಂದು ಕಲೆ, ಆಮೇಲೆ ಸರಳಿನ ಉದ್ದಕ್ಕೂ ಬಿರುಕು, ಕೊನೆಗೆ ಒಂದು ದಿನ ಚಕ್ಕೆ ಕಳಚಿ ಬೀಳುವುದು. ಈ ಮೂರು ಹಂತವನ್ನು ಕಾರವಾರದ ಯಾವ ಹಳೆ ಕಾಂಕ್ರೀಟ್ ಕಟ್ಟಡದಲ್ಲಾದರೂ ತಲೆಯೆತ್ತಿ ನೋಡಬಹುದು.

ಕಾಂಕ್ರೀಟ್ ಕೆಲಸಕ್ಕಿರುವ ಐಎಸ್ 456 ಎಂಬ ಭಾರತೀಯ ಮಾನದಂಡ (2000ನೇ ಇಸವಿಯದ್ದು) ಕರಾವಳಿಯನ್ನು ತೀವ್ರ ಪರಿಸರ ಎಂದು ಗುರುತಿಸಿ ಕನಿಷ್ಠ ಎಂ-30 ಎಂಬ ಗಟ್ಟಿತನದ ದರ್ಜೆಯ ಕಾಂಕ್ರೀಟ್, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಅಲೆಯ ತುಂತುರು ನೇರವಾಗಿ ಬಡಿಯುವ ಕಡೆ ಎಂ-35, 50 ಮಿಲಿಮೀಟರ್. ಐವತ್ತು ವರ್ಷದ ಹಿಂದಿನ ಸ್ಲ್ಯಾಬುಗಳಲ್ಲಿ ಇದರ ಅರ್ಧ ಹೊದಿಕೆಯೂ ಇರುವುದು ಅಪರೂಪ.

ಕಣ್ಣಂದಾಜಿನಲ್ಲಿ ತೀರ್ಮಾನ ಮಾಡಬಾರದು, ಪರೀಕ್ಷೆ ಮಾಡಿಸಬೇಕು. ಕಾಂಕ್ರೀಟಿನಲ್ಲಿ ಸಣ್ಣ ತೂತು ಕೊರೆದು ಪುಡಿ ತೆಗೆದು ಕ್ಲೋರೈಡ್ ಎಷ್ಟು ಆಳಕ್ಕೆ ಎಷ್ಟಿದೆ ಎಂದು ನೋಡುತ್ತಾರೆ. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬಾರದಿದ್ದರೆ ಹೋಗಿದೆ. ಸರಳಿನ ವಿದ್ಯುತ್ ಒತ್ತಡ ಅಳೆದು ಎಲ್ಲಿ ತುಕ್ಕು ನಡೆಯುತ್ತಿದೆ ಎಂದು ನಕ್ಷೆ ಮಾಡುತ್ತಾರೆ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಚಕ್ಕೆ ಬಿದ್ದ ಕಡೆ ಮಾತ್ರ ಹೊಸ ಕಾಂಕ್ರೀಟ್ ತೇಪೆ ಹಾಕಿದರೆ, ತೇಪೆಯ ಸುತ್ತಲಿನ ಸರಳು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಉಪ್ಪು ಕುಡಿದ ಕಾಂಕ್ರೀಟ್ ಪೂರ್ತಿ ತೆಗೆಯಬೇಕು, ಇಲ್ಲವೇ ತಾನು ಕರಗಿ ಸರಳನ್ನು ಉಳಿಸುವ ಸತುವಿನ ತುಂಡುಗಳನ್ನು ಜೋಡಿಸಬೇಕು. ಎರಡೂ ದುಬಾರಿ.

ನಾನಾದರೆ ವರದಿ ಕೆಟ್ಟದಾಗಿ ಬಂದರೆ ಹಿಂದಿನ ಬ್ಲಾಕನ್ನೇ ಇಳಿಸುತ್ತೇನೆ. ಅದಕ್ಕೂ ದಾಖಲೆ ಇದ್ದರೆ, ಅದೇ ಅಳತೆಯಲ್ಲಿ ಹೊಸದಾಗಿ ಅಡುಗೆಮನೆ, ಲಿಫ್ಟು, ನೀರಿನ ಟ್ಯಾಂಕು, ಜನರೇಟರ್, ಕೊಳಚೆ ಶುದ್ಧೀಕರಣ ಘಟಕ ಎಲ್ಲವನ್ನೂ ಅಲ್ಲಿಗೆ ಒಯ್ಯಬಹುದು. ಮುಂದಿನ ಹಳೆ ಕಟ್ಟಡ ಆ ಭಾರದಿಂದ ಬಿಡುಗಡೆಯಾಗುತ್ತದೆ.

ಮಾಡಿನ ವಿಷಯ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹಂಚು ನಮ್ಮ ಮಳೆಗೆ ಎಷ್ಟು ಒಗ್ಗುತ್ತದೆ ಎಂಬುದಕ್ಕೆ ಇಡೀ ಕರಾವಳಿಯೇ ಸಾಕ್ಷಿ. ಒಂದೊಂದೇ ಹಂಚು ಇಳಿಸಿ, ತೊಳೆದು, ಬೆರಳಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಇಟ್ಟುಕೊಳ್ಳಿ, ಸದ್ದು ಒಡೆದಿದ್ದರೆ ಬಿಡಿ. ಪಕಾಸಿಗಳು, ಅಂದರೆ ಮಾಡನ್ನು ಹೊರುವ ಓರೆ ಮರಗಳು, ಸಾಮಾನ್ಯವಾಗಿ ಪೂರ್ತಿ ಹಾಳಾಗಿರುವುದಿಲ್ಲ. ಗೋಡೆಯ ಮೇಲೆ ಕೂತ ತುದಿ ಮಾತ್ರ ತೇವಕ್ಕೆ ಕೊಳೆತಿರುತ್ತದೆ, ಅಥವಾ ಒರಲೆ ಹಿಡಿದಿರುತ್ತದೆ. ಆ ತುದಿ ಕತ್ತರಿಸಿ ಅದೇ ಜಾತಿಯ ಮರವನ್ನು ಓರೆಯಾಗಿ ಬೆಸೆಯುವ ಆಚಾರಿಗಳು ಇನ್ನೂ ಇದ್ದಾರೆ. ಹಳೆ ಮನೆ ಇಳಿಸಿದ ಕಡೆ ಸಿಗುವ ಸಾಗುವಾನಿ, ಇಲ್ಲವೇ ದಾಂಡೇಲಿ ಕಡೆಯ ಅರಣ್ಯ ಇಲಾಖೆಯ ಡಿಪೋ ಹರಾಜು. ಬಿಲ್ಲು, ಸಾಗಣೆ ಪರವಾನಗಿ ಇಲ್ಲದ ಮರ ಮಾತ್ರ ಬೇಡ.

ಹಂಚಿನಡಿ ಫೋಮ್ ಅಂಟಿಸಿ ಎಸಿ ತಂಪು ಹಿಡಿಯುವ ಯೋಚನೆ ಬೇಡ. ಹಂಚಿನ ಕೆಳಗೆ ಗಾಳಿ ಆಡಬೇಕು. ಎಸಿ ಬೇಕಾದ ಕೋಣೆಗೆ ಮರದ ಹಲಗೆಯ ಒಳಮಾಡು ಕೊಟ್ಟು, ಅದಕ್ಕೂ ಹಂಚಿಗೂ ನಡುವೆ ಖಾಲಿ ಬಿಡಬೇಕು. ಎಸಿಯ ಹೊರಗಿನ ಯಂತ್ರ ಸಮುದ್ರದ ಕಡೆ ಇಟ್ಟರೆ ಬೇಗ ಕೆಡುತ್ತದೆ, ನೋಟವೂ ಹಾಳು. ಹಿಂದುಗಡೆ ಇಡಿ. ಹೊರಗಿನ ತಿರುಪು, ಕೀಲು, ಕಂಬಿಗೆ ಸ್ಟೀಲ್ ಬಳಸುವುದಾದರೆ 316 ಎಂದು ನಮೂದಿಸಿ ತರಿಸಿ. ಎಲ್ಲೆಡೆ ಸಿಗುವ 304 ಕಡಲ ಗಾಳಿಗೆ ಕಂದು ಕಲೆ ಹಿಡಿಯುತ್ತದೆ. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ಜಾಸ್ತಿ ತಡೆಯುತ್ತದೆ.

ಹಳೆ ಕಟ್ಟಡವನ್ನು ಐಷಾರಾಮಿ ಮಾಡುವಾಗ ಅತಿ ಹೆಚ್ಚು ಹಾನಿ ಆಗುವುದು ಬಚ್ಚಲಿನಿಂದ. ಹಿಂದೆ ನಾಲ್ಕು ಕೋಣೆಗೆ ಒಂದು ಬಚ್ಚಲು ಸಾಕಿತ್ತು. ಈಗ ಪ್ರತಿ ಕೋಣೆಗೂ ಬೇಕು. ಪೈಪಿಗಾಗಿ ಹಳೆ ಗೋಡೆ ಕೊರೆದರೆ, ಮರದ ಅಟ್ಟದ ಮೇಲೆ ಟೈಲ್ಸ್ ಹಾಕಿ ನೀರು ಬಿಟ್ಟರೆ, ಮಾಡಿದ ಒಳ್ಳೆ ಕೆಲಸವೆಲ್ಲ ಐದು ವರ್ಷದಲ್ಲಿ ಹೊಳೆಗೆ. ಒಳ್ಳೆಯ ಉಪಾಯ ಎಂದರೆ ಮೂರು ಕೋಣೆಯನ್ನು ಎರಡು ಮಾಡಿ, ನಡುವಿನ ಜಾಗದಲ್ಲಿ ಬಚ್ಚಲನ್ನು ಬೇರೆಯೇ ಒಂದು ಡಬ್ಬಿಯಂತೆ ನಿಲ್ಲಿಸುವುದು. ಅದು ಹಳೆ ಗೋಡೆಯನ್ನು ಮುಟ್ಟಬಾರದು. ಪೈಪುಗಳು ಕಟ್ಟಡದ ಹಿಂಬದಿಯಲ್ಲಿ ಹೊರಗಿಂದ ಇಳಿಯಲಿ. ನಾಳೆ ಯಾರಾದರೂ ಅದನ್ನು ತೆಗೆದರೆ ಹಳೆ ಕೋಣೆ ಇದ್ದ ಹಾಗೇ ಸಿಗಬೇಕು. ಸಂರಕ್ಷಣೆಯ ಕೆಲಸದವರು ಜಗತ್ತಿನ ಎಲ್ಲ ಕಡೆ ಒಪ್ಪುವ ಸೂತ್ರ ಇದು: ಬೇಕಾದಷ್ಟು ಮಾತ್ರ ಮುಟ್ಟು, ಮಾಡಿದ್ದನ್ನು ವಾಪಸ್ ತೆಗೆಯುವ ಹಾಗಿರಲಿ. ಹಳೆ ಕಟ್ಟಡಗಳ ಸಂರಕ್ಷಣೆಗೆ ಹಲವು ದೇಶದವರು ಸೇರಿ ಒಪ್ಪಿದ 1964ರ ವೆನಿಸ್ ಸನ್ನದಿನಿಂದ ಈ ಯೋಚನೆ ಬೆಳೆದು ಬಂದಿದೆ. ನಮ್ಮ ದೇಶದಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಸಂಸ್ಥೆ ಇನ್‌ಟ್ಯಾಕ್ 2004ರಲ್ಲಿ ತಂದ ಸನ್ನದು ಇನ್ನೊಂದು ಮಾತು ಸೇರಿಸಿತು. ನಮ್ಮಲ್ಲಿ ಕಸುಬುದಾರರು ಇನ್ನೂ ಇದ್ದಾರೆ, ಅವರ ಕೈಕೆಲಸವನ್ನು ಉಳಿಸುವುದೂ ಸಂರಕ್ಷಣೆಯೇ ಎಂದಿತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ.

ಉತ್ತರ ಕನ್ನಡದಲ್ಲಂತೂ ಕೈಕೆಲಸಕ್ಕೆ ಕೊರತೆ ಇಲ್ಲ. ಕಾವಿ ಕಲೆಯನ್ನೇ ತೆಗೆದುಕೊಳ್ಳಿ. ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರ ಬಳಿದು, ಅದು ಆರುವ ಮೊದಲು ಚೂಪು ಮೊನೆಯಿಂದ ಕೆರೆದು ಬಿಳಿ ಗೆರೆ ಹೊರತರುತ್ತಾರೆ. ಗೋವೆಯಿಂದ ಕುಂದಾಪುರದವರೆಗಿನ ದೇವಸ್ಥಾನಗಳಲ್ಲಿ, ಶಿರಸಿಯ ಮಾರಿಕಾಂಬೆಯ ಗುಡಿಯಲ್ಲೂ, ಇದನ್ನು ಕಾಣಬಹುದು. ಸುಣ್ಣದ ಗೋಡೆ ವಾಪಸ್ ಬಂದ ಹೋಟೆಲಿನಲ್ಲಿ ಒಂದು ಗೋಡೆಗೆ ಕಾವಿ ಮಾಡಿಸಿದರೆ ಅದು ಈ ನೆಲದ್ದೇ ಅಲಂಕಾರ. ಕೆತ್ತನೆಗೆ ಶಿರಸಿ, ಹೊನ್ನಾವರ ಕಡೆಯ ಗುಡಿಗಾರರಿದ್ದಾರೆ. ನೆಲಕ್ಕೆ ನಮ್ಮ ಅಜ್ಜಿಮನೆಗಳ ಕೆಂಪು ಕಾವಿ ನೆಲವೇ ಸಾಕು, ಬರಿಗಾಲಿಗೆ ಅದರಷ್ಟು ಹಿತ ಯಾವುದೂ ಇಲ್ಲ. ಸುಮ್ನೆ ರಾಜಸ್ಥಾನದ ಜಾಲಂಧ್ರ, ಬಾಲಿಯ ಬುದ್ಧ ತಂದು ನಿಲ್ಲಿಸುವುದನ್ನು ನೋಡಿದರೆ ಬೇಸರವಾಗುತ್ತದೆ.

ಕೋಣೆ ಕಡಿಮೆ ಮಾಡಿದರೆ ನಷ್ಟ ಅಲ್ವಾ ಎಂದು ಕೇಳಬಹುದು. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 24 ಕೋಣೆಯ ಲಾಡ್ಜು, ದಿನಕ್ಕೆ 1,500 ರೂಪಾಯಿ, ವರ್ಷದ ಅರ್ಧ ದಿನ ಭರ್ತಿ ಎಂದುಕೊಂಡರೆ ವರ್ಷಕ್ಕೆ 65.7 ಲಕ್ಷ. ಅದೇ ಕಟ್ಟಡದಲ್ಲಿ 14 ದೊಡ್ಡ ಕೋಣೆ, ದಿನಕ್ಕೆ 7,000, ಅಷ್ಟೇ ಭರ್ತಿ ಎಂದರೆ 1.78 ಕೋಟಿಗೂ ಜಾಸ್ತಿ. ಖರ್ಚೂ ಏರುತ್ತದೆ, ಸಿಬ್ಬಂದಿಯೂ ಹೆಚ್ಚು ಬೇಕು. ಆದರೂ ಕೋಣೆಯ ಸಂಖ್ಯೆಗಿಂತ ಕೋಣೆಯ ಗುಣ ಹೆಚ್ಚು ದುಡಿಯುತ್ತದೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ದರ ಇಡುವಾಗ ತೆರಿಗೆಯ ಗೆರೆಯೂ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದರ ಮೇಲೆ ಶೇ 18.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪಾರಂಪರಿಕ ಹೋಟೆಲ್ ಮಾನ್ಯತೆ ಬೇಕಾದರೆ ಮೂಲ ಕಟ್ಟಡ 1950ಕ್ಕಿಂತ ಹಿಂದಿನ ಮನೆ, ಕೋಟೆ, ಅರಮನೆಯಂಥದ್ದಾಗಿರಬೇಕು, ಕನಿಷ್ಠ 5 ಕೋಣೆ ಇರಬೇಕು. ಮೇಲಿನ ದರ್ಜೆಗಳಿಗೆ 1935ಕ್ಕಿಂತ ಹಿಂದಿನದು, 15 ಕೋಣೆ. ಹೊಸದಾಗಿ ಸೇರಿಸಿದ ಭಾಗ ಒಟ್ಟು ಕಟ್ಟಡದ ಅರ್ಧ ಮೀರಬಾರದು. ಸಣ್ಣದಾಗಿಯೂ ಚೆನ್ನಾಗಿ ಮಾಡಬಹುದು ಎಂಬುದಕ್ಕೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಒಂದು ಉದಾಹರಣೆ ಇದೆ. ಅಲ್ಲಿ ಡೇನಿಷರ ಕೋಟೆಯ ಹತ್ತಿರದ ಕಡಲ ಬದಿಯ ಹಳೆ ಬಂಗಲೆಯನ್ನು ನೀಮ್ರಾನಾ ಸಂಸ್ಥೆ ಬೆರಳೆಣಿಕೆಯ ಕೋಣೆಗಳ ಹೋಟೆಲ್ ಮಾಡಿದೆ.

ಕುಡಿಯುವ ನೀರು, ಸ್ನಾನದ ನೀರಿನ ವಿಷಯಕ್ಕೆ ಬಂದರೆ ಸಮುದ್ರದ ಬದಿಯಲ್ಲಿ ಬೋರು ಹೊಡೆಯುವ ಯೋಚನೆ ಬಿಟ್ಟುಬಿಡಿ. ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತಲು ಕಟ್ಟುನಿಟ್ಟಿನ ನಿರ್ಬಂಧ ಇದೆ. ಅದು ಸರಿಯೂ ಹೌದು. ಸಿಹಿನೀರು ಎಳೆದಷ್ಟೂ ಉಪ್ಪುನೀರು ಒಳಗೆ ಬರುತ್ತದೆ, ಪಕ್ಕದ ಮೀನುಗಾರರ ಕೇರಿಯ ಬಾವಿ ಕೆಡುತ್ತದೆ. ಮಾಡಿನ ಮೇಲೆ ಬೀಳುವ ಮಳೆಯನ್ನೇ ನೋಡಿ. 400 ಚದರ ಮೀಟರ್ ಮಾಡಿಗೆ ವರ್ಷಕ್ಕೆ 12 ಲಕ್ಷ ಲೀಟರ್ ಮಳೆ ಬೀಳುತ್ತದೆ. ಐದನೇ ಒಂದು ಪಾಲು ಪೋಲಾದರೂ 9.6 ಲಕ್ಷ ಲೀಟರ್ ಉಳಿಯಿತು. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂಬ ಮಾನದಂಡ ಹಿಡಿದರೆ, 14 ಕೋಣೆಯ 28 ಹಾಸಿಗೆಗೆ ದಿನಕ್ಕೆ 5,040 ಲೀಟರ್. ಕಾಗದದ ಮೇಲೆ ಆರು ತಿಂಗಳ ನೀರು. ತೊಡಕು ಇರುವುದು ಹಿಡಿದಿಡುವುದರಲ್ಲಿ. ಒಂದು ಲಕ್ಷ ಲೀಟರ್ ಟ್ಯಾಂಕು ಕಟ್ಟಿದರೂ ಪೂರ್ತಿ ಭರ್ತಿಯ ಕಾಲದಲ್ಲಿ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ. ಹಾಗಾಗಿ ಮಳೆ ನೀರು, ನಗರಸಭೆಯ ನೀರು, ಶುದ್ಧ ಮಾಡಿದ ಬಚ್ಚಲ ನೀರನ್ನು ತೋಟಕ್ಕೂ ಫ್ಲಶ್ಶಿಗೂ ಬಳಸುವುದು, ಮೂರನ್ನೂ ಹೊಂದಿಸಿಕೊಳ್ಳಬೇಕು. ಈಜುಕೊಳ ಬೇಕೇ ಎಂಬ ಪ್ರಶ್ನೆಗೆ ಈ ಲೆಕ್ಕವೇ ಉತ್ತರ ಕೊಡುತ್ತದೆ.

ಎದುರಿನ ದಂಡೆ ಹೋಟೆಲಿನವರದ್ದಲ್ಲ, ಊರಿನದ್ದು. ಮರಳ ದಿಬ್ಬ ಸಮ ಮಾಡುವುದು ನಿಷಿದ್ಧ. ಆ ದಿಬ್ಬ, ಅದರ ಮೇಲೆ ಹಬ್ಬಿದ ಬಳ್ಳಿಯೇ ಅಲೆಯ ಹೊಡೆತಕ್ಕೆ ಮೊದಲ ತಡೆ. ಚಳಿಗಾಲದ ತಿಂಗಳುಗಳಲ್ಲಿ ಕಾರವಾರ, ಹೊನ್ನಾವರದ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕಿನ ಕಡೆ ಹೋಗುತ್ತವೆ, ಕಡಲಿಗಿಂತ ಹೋಟೆಲು ಬೆಳಗಿದರೆ ದಾರಿ ತಪ್ಪಿ ಸಾಯುತ್ತವೆ. ಸಮುದ್ರದ ಕಡೆಯ ದೀಪ ಕಡಿಮೆ ಇರಲಿ, ತಗ್ಗಿನಲ್ಲಿರಲಿ, ಬಿಳಿ ಬದಲು ಹಳದಿ ಕೆಂಪು ಛಾಯೆಯದ್ದಿರಲಿ.

ಕಟ್ಟಡದ ಕಥೆ ಹೇಳುವಾಗಲೂ ಇಷ್ಟೇ ಎಚ್ಚರ ಬೇಕು. ಸತ್ಯೇಂದ್ರನಾಥ ಠಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲಲ್ಲಿ ಅವರ ತಮ್ಮ ರವೀಂದ್ರರು ಬಂದು ಉಳಿದಿದ್ದರು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲಿ. ಇದು ನಿಜ. ಆದರೆ ದಾಖಲೆ ಇಲ್ಲದೆ "ಅವರು ಈ ಕೋಣೆಯಲ್ಲಿ ಮಲಗಿದ್ದರು" ಎಂದು ಫಲಕ ಹಾಕುವುದು ಊರಿಗೂ ಕವಿಗೂ ಮಾಡುವ ಅನ್ಯಾಯ. ಕಟ್ಟಡಕ್ಕೆ ತನ್ನದೇ ಕಥೆ ಇರುತ್ತದೆ. ಯಾರು ಕಟ್ಟಿಸಿದರು, ಹಂಚಿನ ಮೇಲೆ ಯಾವ ಕಾರ್ಖಾನೆಯ ಮುದ್ರೆ, ಯಾವ ವರ್ಷ ಲಾಡ್ಜಾಯಿತು, ಅಡುಗೆಮನೆಯಲ್ಲಿ ಯಾರು ದುಡಿದರು. ಅದನ್ನು ಹುಡುಕಿ ಬರೆಸಿ.

ಕೆಲಸ ಮುಗಿದು ಬಾಗಿಲು ತೆರೆದ ಮೇಲೆ ಪ್ರತಿ ವರ್ಷದ ದುಡಿಮೆ ಶುರು. ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹಂಚು ಬದಲಿಸುವುದು, ದೋಣಿ ಪೈಪು, ಚರಂಡಿ ಚೊಕ್ಕ ಮಾಡುವುದು, ಗಾಳಿ ಹೊಡೆಯುವ ಕಡೆ ಜಗಲಿಗೆ ತೆಂಗಿನ ಮಡ್ಲಿನ ತಟ್ಟಿ ಕಟ್ಟುವುದು. ಮಳೆ ಬಿಟ್ಟ ಮೇಲೆ ಕೆಳಗಿನ ಮೂರಡಿ ಗಾರೆ ತಟ್ಟಿ ನೋಡಿ, ಟೊಳ್ಳಾದಲ್ಲಿ ಮಾತ್ರ ತೆಗೆದು ಹೊಸದು ಹಾಕುವುದು. ದೀಪಾವಳಿ ಹೊತ್ತಿಗೆ ಸುಣ್ಣ ಬಳಿಯುವುದು. ದುರಸ್ತಿಯ ಸಮಯದಲ್ಲಿ ಸುಣ್ಣದ ಕೆಲಸ ಕಲಿತ ಇಬ್ಬರು ಗವಂಡಿಗಳನ್ನು, ಒಬ್ಬ ಆಚಾರಿಯನ್ನು ವರ್ಷದ ಸಂಬಳಕ್ಕೆ ಇಟ್ಟುಕೊಂಡರೆ ಇದೆಲ್ಲ ಸಲೀಸಾಗಿ ನಡೆಯುತ್ತದೆ. ಅವರಿಗೆ ಮಳೆಗಾಲದಲ್ಲೂ ಕೈತುಂಬ ಕೆಲಸ ಇರುತ್ತದೆ, ಕೋಣೆಯ ಕಿಟಕಿ ಬಾಗಿಲುಗಳೆಲ್ಲ ಆಗಲೇ ಉಬ್ಬಿ ಬಿಗಿಯಾಗುವುದು. ಕೋಣೆಯ ದರ ಗೊತ್ತು ಮಾಡುವ ದಿನವೇ ಈ ಮೂವರ ಸಂಬಳವನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸಿಬಿಡಿ.